ವಿಜಾಪುರದಿಂದ ಹೊರಟ ಹೊಗೆ



ಗೋಳಗುಮ್ಮಟ, ಇಬ್ರಾಹಿಂ ರೋಜಾಗಳನ್ನು ತರಗತಿಯಲ್ಲಿ ಮನದಣಿಯೆ ವರ್ಣಿಸುತ್ತಿದ್ದ ನಾನು ಒಂದು ಸಂಗತಿಯನ್ನು ನಿಮಗೆ ಹೇಳಿರಲಿಲ್ಲ. ಅಕ್ಬರನ ದರಬಾರಿಗೆ ತಂಬಾಕು ಹೋದದ್ದು ನಮ್ಮ ವಿಜಾಪುರದಿಂದ.

ಅದು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (1580–1627) ಕಾಲ. ಅಕ್ಬರನ ದೂತನಾಗಿ ಬಂದ ಅಸದ್ ಬೇಗನು ಇಲ್ಲಿಯೇ ಮೊದಲ ಬಾರಿಗೆ ತಂಬಾಕನ್ನು ಕಂಡನು. ರತ್ನಖಚಿತವಾದ ಕೊಳವೆಯೊಂದನ್ನು ಮಾಡಿಸಿ, ತಂಬಾಕಿನೊಡನೆ ಬಾದಶಹನಿಗೆ ಒಪ್ಪಿಸಿದನು. 1605ರಲ್ಲಿ ಅಕ್ಬರನು ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚಿನ ಮಾತಿದು. ಆಸ್ಥಾನದ ಹಕೀಮನು ತಡೆದನು. ವೈದ್ಯಗ್ರಂಥಗಳಲ್ಲಿ ಇದರ ಹೆಸರಿಲ್ಲ, ಪರೀಕ್ಷಿಸದ ವಸ್ತುವನ್ನು ಪ್ರಭುಗಳು ಸೇವಿಸಬಾರದು ಎಂಬುದು ಅವನ ನಿಲುವು. ಯಾವ ರೂಢಿಯೂ ಮೊದಲಿಗೆ ಹೊಸದೇ ಅಲ್ಲವೇ ಎಂದು ಅಸದ್ ಬೇಗನು ವಾದಿಸಿ ಗೆದ್ದನು. ಅಕ್ಬರನು ಚಟ ಹಚ್ಚಿಕೊಳ್ಳಲಿಲ್ಲ. ಅಮೀರರು ಹಚ್ಚಿಕೊಂಡರು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ನಿಷೇಧಿಸಿದರೂ ಹೊಗೆ ನಿಲ್ಲಲಿಲ್ಲ.

ಹಕೀಮನು ಬಯಸಿದ ಪರೀಕ್ಷೆ ನಡೆಯಲು ಶತಮಾನಗಳೇ ಬೇಕಾದವು. 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಅವರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಜನರನ್ನು ದಶಕಗಳ ಕಾಲ ಗಮನಿಸಿದ ವೈದ್ಯರು 1988ರಲ್ಲಿ ಪಾರ್ಶ್ವವಾಯುವಿನ ಲೆಕ್ಕವನ್ನೂ ಮುಂದಿಟ್ಟರು. ದಿನಕ್ಕೆ 40ಕ್ಕಿಂತ ಹೆಚ್ಚು ಸಿಗರೇಟು ಸೇದುವವರಿಗೆ, 10ಕ್ಕಿಂತ ಕಡಿಮೆ ಸೇದುವವರ ಎರಡರಷ್ಟು ಅಪಾಯ. ಹೊಗೆಯು ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ, ನೆತ್ತರು ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ. ಆ ಹೆಪ್ಪು ಮಿದುಳಿನ ನಾಳವನ್ನು ಮುಚ್ಚಿದರೆ ಅರ್ಧ ದೇಹವೇ ಸ್ವಾಧೀನ ತಪ್ಪುತ್ತದೆ.

ತಿಕೋಟಾದ ನಮ್ಮ ಕಾಕಾ ದ್ರಾಕ್ಷಿ ತೋಟದ ಕಟ್ಟೆಯ ಮೇಲೆ ಕುಳಿತಿದ್ದಾಗ ಬಲಗೈಯಿಂದ ಸಿಗರೇಟು ಜಾರಿಬಿತ್ತು, ಬಾಯಿ ಸೊಟ್ಟಗಾಯಿತು. "ಲಕ್ವಾ ಹೊಡೀತು" ಎಂದು ಮನೆಯವರು ಗಾಳಿಯನ್ನು ಶಪಿಸಿದರು. ಕೆಳಗೆ ಬಿದ್ದಿದ್ದ ಸಿಗರೇಟಿನತ್ತ ಯಾರೂ ಬೆರಳು ತೋರಲಿಲ್ಲ. ನಾನೂ ತೋರಲಿಲ್ಲ, ಏಕೆಂದರೆ ನನ್ನ ಜೇಬಿನಲ್ಲಿಯೂ ಒಂದು ಪಾಕೀಟಿತ್ತು.

ಬಬಲೇಶ್ವರದಲ್ಲಿ ಪಾಠ ಹೇಳುತ್ತಿದ್ದಾಗ ಆ ಪಾಕೀಟು ತರಲು ನಿಮ್ಮಲ್ಲಿ ಕೆಲವರನ್ನು ಅಂಗಡಿಗೆ ಅಟ್ಟುತ್ತಿದ್ದೆ. ಗುರುಗಳ ಕೆಲಸವೆಂದು ಹೆಮ್ಮೆಯಿಂದ ಓಡುತ್ತಿದ್ದಿರಿ. ಅಸದ್ ಬೇಗನು ಬಾದಶಹನಿಗೆ ಮಾಡಿದ್ದನ್ನೇ ನಾನು ಮಕ್ಕಳಿಗೆ ಮಾಡಿದೆ. ಹೊಗೆಗೆ ಗೌರವ ತಂದುಕೊಟ್ಟೆ. ಕಾಕಾ ಹಾಸಿಗೆ ಹಿಡಿದ ಮೇಲೆ ನಾನು ಬಿಟ್ಟೆ. ನಿಮ್ಮಲ್ಲಿ ಎಷ್ಟು ಜನ ಹಿಡಿದಿರೋ ಅರಿಯೆ. ಕ್ಷಮಿಸಿರಿ.

ಫ್ರೇಮಿಂಗ್‌ಹ್ಯಾಮಿನ ವೈದ್ಯರು ಇನ್ನೊಂದು ಮಾತನ್ನೂ ಹೇಳಿದ್ದಾರೆ. ಬಿಟ್ಟ ಎರಡು ವರ್ಷಗಳಲ್ಲಿ ಪಾರ್ಶ್ವವಾಯುವಿನ ಅಪಾಯ ಗಣನೀಯವಾಗಿ ಇಳಿಯುತ್ತದೆ. ಐದು ವರ್ಷಗಳಲ್ಲಿ ಸೇದದವರ ಮಟ್ಟಕ್ಕೆ ಬರುತ್ತದೆ. ಹಿಂದೆ ನಾನು ಹೇಳಿದ ಕೆಲಸಕ್ಕೆ ಓಡಿದಿರಿ. ಈಗ ಇದೊಂದು ಮಾತನ್ನು ನಡೆಸಿಕೊಡಿರಿ.