ಮಂಡಿಯೂರಿ ದುಡಿಯುವವರಿಗೆ ಬೇಕು ಮೊಣಕಾಲ ರಕ್ಷೆ

ನೆಲಕ್ಕೆ ಟೈಲ್ಸ್ ಹಾಸುವವರು, ಗಾರೆ ಕೆಲಸದವರು ದಿನವಿಡೀ ಮಂಡಿಯೂರಿ ದುಡಿಯುತ್ತಾರೆ. ಮಂಡಿಚಿಪ್ಪಿಗೂ ಚರ್ಮಕ್ಕೂ ನಡುವಣ ದ್ರವಚೀಲವು ಸತತ ಒತ್ತಡದಿಂದ ಊದಿಕೊಳ್ಳುವುದನ್ನು ವೈದ್ಯರು ‘ಪ್ರಿಪಟೆಲ್ಲರ್ ಬರ್ಸೈಟಿಸ್’ ಎನ್ನುತ್ತಾರೆ. ಊತ ಕೆಂಪಾಗಿ ಬಿಸಿಯೇರಿದರೆ ಅಥವಾ ಜ್ವರ ಬಂದರೆ ಸೋಂಕಿನ ಶಂಕೆಯಿರುವುದರಿಂದ ತಡಮಾಡದೆ ಚಿಕಿತ್ಸೆ ಪಡೆಯಬೇಕು.

ಇದಕ್ಕಿಂತ ಹೆಚ್ಚು ಅಲಕ್ಷ್ಯಕ್ಕೊಳಗಾದ ಅಪಾಯ ಹಸಿ ಸಿಮೆಂಟಿನದು. ಅದರ ಪಿಎಚ್ ಮೌಲ್ಯ 12ರಿಂದ 13ರಷ್ಟಿದ್ದು, ಬಟ್ಟೆಯೊಳಗೆ ಇಳಿದರೆ ಮಂಡಿ, ಕಣಕಾಲಿನ ಚರ್ಮವನ್ನು ಸುಡುತ್ತದೆ. ಆರಂಭದಲ್ಲಿ ನೋವು ತಿಳಿಯದಿರಬಹುದು. ಕೆಲವು ಗಂಟೆಗಳ ಬಳಿಕ ಉರಿಯೆದ್ದಾಗ ಗಾಯ ಆಳಕ್ಕೆ ಇಳಿದಿರುತ್ತದೆ. ಒದ್ದೆಯಾದ ಬಟ್ಟೆಯನ್ನು ಕೂಡಲೇ ಕಳಚಿ, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಬೇಕು.

ಮಡಚಿದ ಗೋಣಿಚೀಲ ಮೆತ್ತಗೇನೋ ಇರುತ್ತದೆ, ಆದರೆ ಸಿಮೆಂಟ್ ನೀರನ್ನು ಹೀರಿ ಚರ್ಮಕ್ಕೆ ತಾಗಿಸುತ್ತದೆ. ನೀರಿಳಿಯದ ಹೊರಪದರವುಳ್ಳ ಮಂಡಿ ಪ್ಯಾಡ್‌ಗಳೇ ಲೇಸು; ಅವುಗಳ ಪಟ್ಟಿ ಮಂಡಿಯ ಹಿಂಭಾಗವನ್ನು ಬಿಗಿಯಬಾರದು.