ಅಂಗಳಕ್ಕೆ ಬರಬೇಕಾದ ಅಂಗನವಾಡಿ

ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರಿ ಅಂತ ಸಂಘದ ಅಣ್ಣಂದಿರು ಹೇಳಿದಾಗ, ನಾನು ಮಹಾಡ್ ಕೆರೆ ಬಗ್ಗೆನೋ ಪುಣೆ ಒಪ್ಪಂದದ ಬಗ್ಗೆನೋ ಬರೀತೀನಿ ಅಂದ್ಕೊಂಡಿದ್ರು. ನಾನು ಅಂಗನವಾಡಿ ಬಗ್ಗೆ ಬರೀತಿದ್ದೀನಿ. ನಗೋರು ನಗಲಿ. ಆರು ವರ್ಷದೊಳಗಿನ ಕೂಸಿಗೆ ಸರಕಾರ ಏನು ಕೊಟ್ಟಿತು, ಯಾರ ಮನಿ ಹತ್ತಿರ ಕೊಟ್ಟಿತು ಅನ್ನೋದೂ ನಮ್ಮ ಇತಿಹಾಸನೇ.

ಆ ಹೆಸರಿನಲ್ಲೇ ಒಂದು ಕಥೆ ಐತಿ. 1945ರಲ್ಲಿ ತಾರಾಬಾಯಿ ಮೋಡಕ್ ಅವರು ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಾಲವಾಡಿ ಶುರು ಮಾಡಿದರು. ಅನುತಾಯಿ ವಾಘ್ ಅವರ ಜತೆಗಿದ್ದರು. ಬಡವರ ಹಟ್ಟಿಯ ಮಕ್ಕಳು ಆ ಬಾಲವಾಡಿಗೆ ಬರಲಿಲ್ಲ. ತಾಯಿ ತಂದೆಗೆ ಬುದ್ಧಿ ಇಲ್ಲ ಅಂತ ಅವರು ಬೈಯುತ್ತಾ ಕೂಡಲಿಲ್ಲ, ಬಾಲವಾಡಿಯನ್ನೇ ಎತ್ತಿಕೊಂಡು ಹಟ್ಟಿಯ ಅಂಗಳಕ್ಕೆ ಹೋದರು. ಅಂಗಳದಾಗ ನಡೆಯೋದೇ ಅಂಗನವಾಡಿ.

1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಪ್ರಾರಂಭಿಸಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂಗನವಾಡಿ ಅನ್ನೋ ಹೆಸರು ತಗೊಂಡರು, ಆದರೆ ಅಂಗಳಕ್ಕೆ ಹೋಗುವ ಪದ್ಧತಿ ಎಲ್ಲಾ ಕಡೆ ಬರಲಿಲ್ಲ. ನಾನು ಸಣ್ಣಾಕಿ ಇದ್ದಾಗ ನಮ್ಮ ಅಂಗನವಾಡಿ ಊರೊಳಗಿತ್ತು. ಅವ್ವ ಹತ್ತಿ ಬಿಡಿಸಾಕ ಹೋಗಿರ್ತಿದ್ಲು. ಅಕ್ಕ ನನ್ನ ಸೊಂಟದ ಮೇಲೆ ಕೂಡಿಸಿಕೊಂಡು ಹೋಗಿ, ಬಾಗಿಲಲ್ಲೇ ನಿಂತು ಡಬ್ಬಿಯಲ್ಲಿ ಉಪ್ಪಿಟ್ಟು ಹಾಕಿಸಿಕೊಂಡು ಬರ್ತಿದ್ಲು. ಒಳಗೆ ಕೂತ ನೆನಪು ನನಗಿಲ್ಲ. ಅಕ್ಕನ ಸಾಲಿ ಅಷ್ಟರಲ್ಲೇ ತಪ್ಪಿತು.

ಈ ಹೊರೆ ಯಾರು ಹೊರಬೇಕು ಅನ್ನೋ ಪ್ರಶ್ನೆ ಹೊಸದಲ್ಲ. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆ ಹೆಣ್ಣುಮಕ್ಕಳ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಾಬಾಸಾಹೇಬರು ಅದರ ಪರ ಮಾತಾಡಿದರು. ಹೆರಿಗೆ ಮುಂಚೆ, ಹೆರಿಗೆ ಆದಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತಕ್ಕೇ, ಅದರ ಖರ್ಚಿನ ದೊಡ್ಡ ಪಾಲನ್ನ ಸರಕಾರವೇ ಹೊರಬೇಕು ಅನ್ನೋದು ಅವರ ವಾದ. ಮುಂದೆ ಸಂವಿಧಾನದ 45ನೇ ವಿಧಿಯಲ್ಲಿ, ಹತ್ತು ವರ್ಷದೊಳಗೆ 14 ವರ್ಷದ ತನಕದ ಎಲ್ಲಾ ಮಕ್ಕಳಿಗೂ ಉಚಿತ ಶಿಕ್ಷಣ ಅಂತ ಬರೆಯಲಾಯಿತು. ಎಲ್ಲಾ ಮಕ್ಕಳು ಅಂದರೆ ಮೂರು ವರ್ಷದ ಕೂಸೂ ಬಂತಲ್ಲ! ಆದರೆ 2002ರ 86ನೇ ತಿದ್ದುಪಡಿ ಶಿಕ್ಷಣವನ್ನ ಮೂಲಭೂತ ಹಕ್ಕು ಮಾಡುವಾಗ 6ರಿಂದ 14 ವರ್ಷದವರಿಗೆ ಮಾತ್ರ ಮಾಡಿತು. ಆರರೊಳಗಿನವರು ಸರಕಾರ ಪ್ರಯತ್ನ ಮಾಡಬೇಕು ಅನ್ನೋ ನಿರ್ದೇಶಕ ತತ್ವದಲ್ಲೇ ಉಳಿದರು. ಈ ತಿದ್ದುಪಡಿಯನ್ನ ನಾವು ಕಾಲೇಜಿನಲ್ಲಿ ದೊಡ್ಡ ಗೆಲುವು ಅಂತ ಓದಿ ಪರೀಕ್ಷೆ ಬರೀತೀವಿ. ಅದರೊಳಗಿಂದ ನಮ್ಮ ತಮ್ಮ ತಂಗಿಯರು ಹೊರಗೆ ಬಿದ್ದದ್ದು ಎರಡು ಸಲ ಓದಿದ ಮೇಲೆ ನನಗೆ ತಿಳೀತು.

ಹಕ್ಕಿನ ಮಾತು ಬಂದದ್ದು ಕೋರ್ಟಿನಿಂದ. ಪಿಯುಸಿಎಲ್ 2001ರಲ್ಲಿ ಹಾಕಿದ ಆಹಾರದ ಹಕ್ಕಿನ ಅರ್ಜಿಯಲ್ಲಿ ಸುಪ್ರೀಂ ಕೋರ್ಟು, ಪ್ರತಿ ವಸತಿಗೂ ಅಂಗನವಾಡಿ ಬೇಕು ಅಂದಿತು. 2004ರಲ್ಲಿ ಪರಿಶಿಷ್ಟರ ಕೇರಿ, ಹಾಡಿಗಳಲ್ಲಿ ಬೇಗ ತೆರೆಯಿರಿ, ಊಟ ಪೂರೈಸೋದಕ್ಕೆ ಗುತ್ತಿಗೆದಾರರನ್ನ ಇಡಬೇಡಿ ಅಂದಿತು. 2006ರ ಡಿಸೆಂಬರ್ 13ರ ಆದೇಶ ಇನ್ನೂ ಖಡಕ್: ಅಂಗನವಾಡಿ ಇಲ್ಲದ ವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಜನ ಕೇಳಿದರೆ, ಮೂರು ತಿಂಗಳೊಳಗೆ ಕೊಡಬೇಕು. ತಾರಾಬಾಯಿಯವರು ಯಾರೂ ಹೇಳದೆ ಮಾಡಿದ್ದನ್ನ ಸರಕಾರದಿಂದ ಮಾಡಿಸೋದಕ್ಕೆ ಕೋರ್ಟು ಮೇಲಿಂದ ಮೇಲೆ ಹೇಳಬೇಕಾಯಿತು. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿಂದ ಆರು ವರ್ಷದ ಮಕ್ಕಳ ಊಟವನ್ನ ಕಾನೂನು ಮಾಡಿತು.

ಇನ್ನು ರೊಕ್ಕ. 2005ರ ತನಕ ಅಂಗನವಾಡಿ ಊಟದ ಖರ್ಚು ಪೂರ್ತಿ ರಾಜ್ಯಗಳ ಮೇಲಿತ್ತು, ಆಮೇಲೆ ಕೇಂದ್ರ ಅರ್ಧ ಕೊಡಾಕ ಒಪ್ಪಿತು. ಒಂದು ಮಗುವಿನ ಒಂದು ದಿನದ ಊಟದ ದರ 2017ರಲ್ಲಿ 6 ರೂಪಾಯಿಂದ 8 ರೂಪಾಯಿಗೆ ಏರಿತು. ಇವತ್ತು ಅಂಗಡಿಯಲ್ಲಿ ಒಂದು ಮೊಟ್ಟೆಗೆ ಎಷ್ಟು ಅಂತ ನೀವೇ ಕೇಳಿ ನೋಡ್ರಿ. ತೆಲಂಗಾಣ 2015ರಿಂದ ಆರೋಗ್ಯ ಲಕ್ಷ್ಮಿಯಲ್ಲಿ ಬಸುರಿ ಬಾಣಂತಿಯರಿಗೆ ಊಟ, ಹಾಲು, ಮೊಟ್ಟೆ ಕೊಡ್ತದ, ಅದು ಒಳ್ಳೇದೇ. ಆದರೆ ಅದನ್ನ ಕೇಂದ್ರಕ್ಕೆ ಹೋಗಿ ಉಣ್ಣಬೇಕು. ಪಾಲಮೂರು ಲೇಬರ್ ಅಂತ ಹೆಸರಾಗಿ ಊರೂರು ಅಲೆಯುವ ನಮ್ಮ ಹೆಣ್ಣುಮಕ್ಕಳ ಕೂಸುಗಳು ಕೆಲಸದ ಜಾಗದ ಮರಳ ಗುಡ್ಡೆ ಮೇಲೆ ಆಡ್ತಿರ್ತಾವ. ಹೊಳಿ ಆಚೆ ಕರ್ನಾಟಕದಲ್ಲಿ 2023ರಲ್ಲಿ ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗೆ ಕೂಸಿನ ಮನೆ ಅಂತ ಶುರು ಮಾಡ್ಯಾರ. ಅಂಥದ್ದು ಈ ದಡಕ್ಕೂ ಬೇಕು.

ನಮಗೆ ಮತ್ತೊಂದು ತೊಡಕು ಐತಿ. 1956ರಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಗದ್ವಾಲ, ಮಕ್ತಲ್, ಕೃಷ್ಣಾ ಕಡೆ ಎಷ್ಟೋ ಮನೆಗಳಲ್ಲಿ ಇವತ್ತೂ ಕನ್ನಡನೇ. 2013ರ ಶಿಶು ಶಿಕ್ಷಣ ನೀತಿ ಮಗುವಿನ ಜೊತೆ ಮನೆಭಾಷೆಯಲ್ಲಿ ಮಾತಾಡಬೇಕು ಅಂತದ. ನಾನು ನೋಡಿದ ಒಂದು ಕೇಂದ್ರದಲ್ಲಿ ಗೋಡೆ ಮೇಲಿನ ಅಕ್ಷರ, ಹಾಡು ಎಲ್ಲಾ ತೆಲುಗು. ಟೀಚರಮ್ಮನ ತಪ್ಪಲ್ಲ, ಆಕಿಗೆ ಬಂದ ಪುಸ್ತಕನೇ ಅದು. ಮೂರು ವರ್ಷದ ಹುಡುಗಿ "ನೀರು ಬೇಕು" ಅಂದು, ಯಾರೂ ತಿರುಗಿ ನೋಡದಿದ್ದಾಗ ಸುಮ್ಮನೆ ಕೂತಳು.

ಅವತ್ತಿನಿಂದ ನಾವು ನಾಲ್ಕು ಜನ ಜಯಂತಿ ಚಂದಾ ಲೆಕ್ಕದ ನೋಟಬುಕ್ಕಿನ ಹಿಂದಿನ ಪುಟದಲ್ಲಿ ಕೇರಿಯ ಆರು ವರ್ಷದೊಳಗಿನ ಮಕ್ಕಳ ಹೆಸರು, ಮನೆಭಾಷೆ ಬರೆಯಾಕ ಹತ್ತೀವಿ. ಗುಳೆ ಹೋದವರ ಮಕ್ಕಳನ್ನ ಬೇರೆ ಸಾಲಿನಲ್ಲಿ ಬರ್ದೀವಿ. ಎರಡು ಓಣಿ ಇನ್ನೂ ಬಾಕಿ ಅದಾವ.