ರಕ್ತಸ್ರಾವ, ದ್ರವಪೂರಣ ಮತ್ತು ಯಕೃತ್ತಿನ ರಕ್ತಹರಿವು

ತೀವ್ರ ರಕ್ತಸ್ರಾವದ ನಂತರ ಸಿರೆಯ ಮೂಲಕ ಸಲೈನ್, ರಿಂಗರ್ ಲ್ಯಾಕ್ಟೇಟ್ ಅಥವಾ ರಕ್ತ ಕೊಟ್ಟಾಗ ಯಕೃತ್ತಿನ ರಕ್ತಹರಿವಿನಲ್ಲಾಗುವ ಬದಲಾವಣೆ ಇಲ್ಲಿನ ವಿಷಯ. ಯಕೃತ್ತಿಗೆ ನಿಮಿಷಕ್ಕೆ ಸುಮಾರು 1.5 ಲೀಟರ್ ರಕ್ತ ಬರುತ್ತದೆ. ಮುಕ್ಕಾಲು ಪಾಲು ಕರುಳು, ಗುಲ್ಮಗಳಿಂದ ಪೋರ್ಟಲ್ ಸಿರೆಯ ಮೂಲಕ. ರಕ್ತ ಸೋರಿದಾಗ ದೇಹವು ಮಿದುಳು, ಹೃದಯಗಳನ್ನು ಉಳಿಸಲು ಕರುಳಿನ ನಾಳಗಳನ್ನು ಬಿಗಿಯುವುದರಿಂದ ಈ ಪಾಲು ಕುಸಿಯುತ್ತದೆ. ಯಕೃತ್ತಿನ ಧಮನಿ ಹಿಗ್ಗಿ ಕೊರತೆಯನ್ನು ಭಾಗಶಃ ತುಂಬುತ್ತದೆ. ರಕ್ತದೊತ್ತಡ ತೀರ ಇಳಿದರೆ ಅದೂ ಸೋಲುತ್ತದೆ. ದ್ರವ ಕೊಟ್ಟರೆ ಹರಿವು ಏರುವುದು ನಿಜ. ಆದರೆ ರಕ್ತದೊತ್ತಡ ಸರಿಹೋದ ಮಾತ್ರಕ್ಕೆ ಯಕೃತ್ತು ಚೇತರಿಸಿತೆನ್ನುವುದು ಅವಸರ: ಪ್ರಾಣಿಪ್ರಯೋಗಗಳಲ್ಲಿ ಸೂಕ್ಷ್ಮನಾಳಗಳ ಹರಿವು ಆಮೇಲೂ ಹಿಂದುಳಿದದ್ದು ಕಂಡಿದೆ. ಅತಿಯಾದ ಸಲೈನ್ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ತೆಳುವಾಗಿಸುತ್ತದೆ. ಆದರೂ ಹಳ್ಳಿಗಳಲ್ಲಿ ಮೊದಲು ಸಿಗುವುದು ದ್ರವವೇ: ಹಿರಿಯೂರು ತಾಲೂಕಿನ ಹರಿಯಬ್ಬೆಯಂಥ ಊರಿಂದ ಚಿತ್ರದುರ್ಗದ ಜಿಲ್ಲಾಸ್ಪತ್ರೆ ದೂರ. ಕರ್ನಾಟಕದಲ್ಲಿ 2008ರಲ್ಲಿ ಶುರುವಾದ 108 ಆಂಬುಲೆನ್ಸ್ ದಾರಿಯಲ್ಲಿ ಕೊಡಬಲ್ಲದ್ದು ದ್ರವ, ರಕ್ತವಲ್ಲ.